ದಾವಣಗೆರ್ಯಾಗ ನಡಿತೈತೇನ್ರಿ?

ಆರೋಗ್ಯ ವಿಮೆ ಮಾರಲು ಹೊರಟವನು ನಮ್ಮ ಕಡೆ ಬಂದರೆ ಮೊದಲು ಕಟ್ಟೆಯ ಮೇಲೆ ಕೂರುತ್ತಾನೆ. ಐದು ಲಕ್ಷದ ಕವರೇಜು, ಹತ್ತು ಲಕ್ಷದ ಟಾಪ್‌ಅಪ್ಪು, ಕ್ಲೇಮು ಮಾಡದಿದ್ದರೆ ಬೋನಸ್ಸು, ವರ್ಷಕ್ಕೊಮ್ಮೆ ಪುಕ್ಕಟೆ ರಕ್ತಪರೀಕ್ಷೆ ಎನ್ನುತ್ತ ಮೊಬೈಲಿನಲ್ಲಿ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾನೆ. ಕೇಳುವವರು ಎಲೆಗೆ ಸುಣ್ಣ ಸವರುತ್ತ ಹೂಂಗುಟ್ಟುತ್ತಾರೆ. ಅವನ ಮಾತೆಲ್ಲ ತೀರಿದ ಮೇಲೆ ಹಿರಿಯರೊಬ್ಬರು ಬಾಯಿ ಬಿಡುತ್ತಾರೆ: “ಅದೆಲ್ಲ ಖರೆ ತಮ್ಮಾ. ಇದು ದಾವಣಗೆರ್ಯಾಗ ನಡಿತೈತೇನು?”

ಹೌದು ಎಂದರೆ ವ್ಯಾಪಾರ ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ನಡೆಯುತ್ತದೆ, ಮುಂಬೈಯಲ್ಲಿ ನಡೆಯುತ್ತದೆ, ದಿಲ್ಲಿಯಲ್ಲೂ ನಡೆಯುತ್ತದೆ ಎಂದನೋ, ಕೆಟ್ಟ. “ದಿಲ್ಲಿಗೆ ಹೋಗಿ ಕಾಲು ಮುರ್ಕಣಾಕ ನಮಗೇನು ಬ್ಯಾರೆ ಕೆಲಸ ಇಲ್ಲೇನೋ?” ಎಂದು ಕಟ್ಟೆ ನಗುತ್ತದೆ. ಹುಡುಗ ಮೊಬೈಲು ಕಿಸೆಗೆ ಹಾಕಿಕೊಂಡು ಪಕ್ಕದ ಓಣಿಗೆ ಹೋಗುತ್ತಾನೆ. ಅಲ್ಲೂ ಒಂದು ಕಟ್ಟೆ ಇರುತ್ತದೆ.

ಈ ಪ್ರಶ್ನೆ ಕೇಳುವವರು ದಡ್ಡರಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಐದೂ ಇವತ್ತು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು, ಜಿಲ್ಲಾ ಕೇಂದ್ರ ಹೊಸಪೇಟೆ. ಪಹಣಿ, ಪೋಡಿ, ತಂಟೆ ತಕರಾರಿಗೆಲ್ಲ ನಮ್ಮ ಮುಖ ಆ ಕಡೆಗೆ. ಮೈಗೆ ಹುಷಾರಿಲ್ಲದಿದ್ದರೆ ಮಾತ್ರ ಒಬ್ಬೊಬ್ಬರ ಮುಖ ಒಂದೊಂದು ಕಡೆ ತಿರುಗುತ್ತದೆ. ಹರಪನಹಳ್ಳಿ, ಕೊಟ್ಟೂರಿನವರು ದಾವಣಗೆರೆ ಬಸ್ಸು ಹತ್ತುತ್ತಾರೆ. ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಗೆ ಹೋಗುತ್ತಾರೆ, ಅಲ್ಲಿ ಆಗದಿದ್ದರೆ ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ‌ಗೆ. ಹಡಗಲಿಯವರಿಗೆ ತುಂಗಭದ್ರೆ ದಾಟಿದರೆ ಗದಗ, ಹುಬ್ಬಳ್ಳಿ. ಕೂಡ್ಲಿಗಿ ಹೆದ್ದಾರಿಯ ಮೇಲಿನ ಊರು. ಬಳ್ಳಾರಿಯೋ ಚಿತ್ರದುರ್ಗವೋ ದಾವಣಗೆರೆಯೋ ಎಂಬುದನ್ನು ಎಷ್ಟೋ ಸಲ ಮೊದಲು ಸಿಕ್ಕ ಗಾಡಿಯೇ ತೀರ್ಮಾನ ಮಾಡುತ್ತದೆ. ಆದರೂ ನಮ್ಮ ಭಾಗದಲ್ಲಿ ‘ದೊಡ್ಡಾಸ್ಪತ್ರಿ’ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ದಾವಣಗೆರೆ. ಬಾಪೂಜಿ, ಎಸ್.ಎಸ್., ಸರ್ಕಾರದ್ದಾದ ಚಿಗಟೇರಿ ಆಸ್ಪತ್ರೆ. ಈ ಚಿಗಟೇರಿ ಎಂಬ ಊರು ಇರುವುದು ನಮ್ಮ ಹರಪನಹಳ್ಳಿ ತಾಲ್ಲೂಕಿನಲ್ಲಿ. ಹಾಗಾಗಿ ಅಲ್ಲಿಗೆ ಹೋಗಿ ಮಲಗುವುದು ನಮ್ಮವರಿಗೆ ಪರಸ್ಥಳ ಅನ್ನಿಸುವುದೇ ಇಲ್ಲ. ಹೊರರೋಗಿಗಳ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಸಿಗುವವರೆಲ್ಲ ಬೀಗರು, ಇಲ್ಲವೇ ಬೀಗರ ಬೀಗರು.

ದಾವಣಗೆರೆಯವರೂ ನಮ್ಮ ಋಣ ಇಟ್ಟುಕೊಂಡವರಲ್ಲ. ಪ್ರತಿ ವರ್ಷ ಗುರು ಕೊಟ್ಟೂರೇಶ್ವರನ ತೇರಿಗೆ ಅಲ್ಲಿಂದ ಸಾವಿರಾರು ಜನ ಪಾದಯಾತ್ರೆ ಹೊರಟು ಕೊಟ್ಟೂರಿಗೆ ಬರುತ್ತಾರೆ. ಅವರು ಪುಣ್ಯಕ್ಕೆ ನಮ್ಮೂರಿಗೆ ನಡೆದು ಬರುತ್ತಾರೆ, ನಾವು ಪ್ರಾಣಕ್ಕೆ ಅವರೂರಿಗೆ ಆಂಬುಲೆನ್ಸಿನಲ್ಲಿ ಹೋಗುತ್ತೇವೆ. ಲೆಕ್ಕ ಚುಕ್ತಾ.

ನಮ್ಮ ಓಣಿಯ ಏಜೆಂಟನ ವಿಷಯ ಹೇಳಬೇಕು. ಬೆಳಿಗ್ಗೆ ಗೊಬ್ಬರದಂಗಡಿ, ಮಧ್ಯಾಹ್ನ ಎಲ್‌ಐಸಿ, ಸಂಜೆ ಬೈಕಿನ ಇನ್ಷೂರೆನ್ಸು. ಈಗ ನಾಲ್ಕಾರು ವರ್ಷದಿಂದ ಆರೋಗ್ಯ. ಅವನ ಅನುಭವದಲ್ಲಿ ಅತ್ಯಂತ ಸುಲಭವಾಗಿ ಮಾರಾಟವಾಗುವುದು ಬೈಕಿನದು, ಏಕೆಂದರೆ ಅದನ್ನು ಕೇಳಲು ಕ್ರಾಸಿನಲ್ಲಿ ಪೊಲೀಸರು ನಿಂತಿರುತ್ತಾರೆ. “ಶುಗರ್ ಪಾಲಿಸಿ ಎಲ್ಲೈತಿ ತೋರ್ಸು ಅಂತ ಯಾವ ಪೊಲೀಸನೂ ಕೈ ಅಡ್ಡ ಹಾಕಂಗಿಲ್ಲಲ್ಲ ಮೇಷ್ಟ್ರೇ” ಎನ್ನುತ್ತಾನೆ. ಹೀಗಾಗಿ ನಮ್ಮಲ್ಲಿ ಬೈಕಿಗೆ ವಿಮೆ ಇರುತ್ತದೆ, ಅದರ ಮೇಲೆ ಕೂತ ಮೂವರಿಗೂ ಇರುವುದಿಲ್ಲ. 2017ರ ಜಾತ್ರೆಯಲ್ಲಿ ಕೊಟ್ಟೂರಿನ ತೇರು ವಾಲಿ ಬಿದ್ದ ಮೇಲೆ ಕೆಲವು ದಿನ ಅವನ ಅಪಘಾತ ವಿಮೆಗೆ ಕಿಮ್ಮತ್ತು ಬಂದಿತ್ತು. ಬ್ಯಾಂಕಿನಲ್ಲಿ ವರ್ಷಕ್ಕೆ ಹನ್ನೆರಡು ರೂಪಾಯಿಗೇ ಎರಡು ಲಕ್ಷದ ಅಪಘಾತ ವಿಮೆ ಆಗ ಸಿಗುತ್ತಿತ್ತು ಎಂಬುದು ಜನಕ್ಕೆ ನೆನಪಾಗುತ್ತಲೇ ಅದೂ ಇಳಿಯಿತು. (ಆ ಹನ್ನೆರಡು ರೂಪಾಯಿ 2022ರಿಂದ ಇಪ್ಪತ್ತಾಗಿದೆ. ಅಷ್ಟಕ್ಕೇ ನಮ್ಮ ದೊಡ್ಡಪ್ಪ ಬ್ಯಾಂಕಿನವರ ಜೊತೆ ಜಗಳ ತೆಗೆದರು.)

ಏಜೆಂಟನ ನಿಜವಾದ ಶತ್ರು ಬೇರೊಂದು ಕಂಪನಿಯಲ್ಲ, ಬೆಳೆವಿಮೆ. ಶೇಂಗಾ, ಮೆಕ್ಕೆಜೋಳದ ಈ ಮಳೆಯಾಶ್ರಿತ ಸೀಮೆಯಲ್ಲಿ ರೈತನಿಗೆ ವಿಮೆ ಎಂಬುದರ ಪರಿಚಯವಾದದ್ದೇ ಅದರಿಂದ. 2016ರಲ್ಲಿ ಬಂದ ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2 ಮಾತ್ರ. ಕಟ್ಟುವುದು ಹಗುರ, ಪಡೆಯುವುದೇ ವಿಚಿತ್ರ. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಪಂಚಾಯಿತಿಯಲ್ಲಿ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ನಿಮ್ಮ ಹೊಲ ಸುಟ್ಟು ಕರಕಲಾಗಿದ್ದರೂ ಪಂಚಾಯಿತಿಯ ಸರಾಸರಿ ಹಸಿರಾಗಿದ್ದರೆ ದುಡ್ಡಿಲ್ಲ. ಇಷ್ಟು ನೋಡಿದ ರೈತನ ಮುಂದೆ ಆರೋಗ್ಯ ವಿಮೆಯ ಮಾತು ತೆಗೆದರೆ ಅವನು ಕೇಳುವುದೇನು? “ನಾನೊಬ್ಬನ ಜಡ್ಡಿಗೆ ಬಿದ್ರ ಕೊಡ್ತೀರೋ, ಊರಿಗೆ ಊರೇ ಮಲಗಬೇಕೋ?” ದನದ ವಿಮೆಯದ್ದು ಇನ್ನೊಂದು ಪಾಠ: ಸತ್ತ ಎಮ್ಮೆಯ ಕಿವಿಯಲ್ಲಿ ಓಲೆ ಇಲ್ಲದಿದ್ದರೆ ಕ್ಲೇಮಿಲ್ಲ. ನಮ್ಮ ಸೋದರತ್ತೆ ಆರೋಗ್ಯ ವಿಮೆಯ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಕಿವಿ ಮುಟ್ಟಿ ನೋಡಿಕೊಂಡಳು. ಅದು ತಮಾಷೆಗೋ ಅನುಮಾನಕ್ಕೋ, ಇವತ್ತಿಗೂ ತಿಳಿಯದು.

ಇಂಥ ಜನ ಒಂದು ಕಾಲದಲ್ಲಿ ತಾವಾಗಿಯೇ ಸಾಲು ನಿಂತು ವಿಮೆ ಮಾಡಿಸಿದ್ದೂ ಉಂಟು. ಅದು ಯಶಸ್ವಿನಿ. ಹೃದಯತಜ್ಞ ಡಾ. ದೇವಿ ಶೆಟ್ಟರ ಆಲೋಚನೆ, ಸಹಕಾರ ಇಲಾಖೆಯ ಜಾಲ ಸೇರಿ 2003ರ ಜೂನ್‌ನಲ್ಲಿ ಶುರುವಾದ ಯೋಜನೆ. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಸಹಕಾರ ಸಂಘದ ಸದಸ್ಯನಾಗಿರಬೇಕು ಎಂಬುದೊಂದೇ ದೊಡ್ಡ ಷರತ್ತು. ಮೊದಲ ವರ್ಷವೇ ರಾಜ್ಯದಲ್ಲಿ ಸುಮಾರು ಹದಿನಾರು ಲಕ್ಷ ಜನ ಸೇರಿದರು. ತುಂಗಭದ್ರೆಯ ಆಚೆ ದಂಡೆಗೆ ಗದಗ ಜಿಲ್ಲೆ. 1905ರಲ್ಲೇ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನೆಲ ಅದು. ಈಚೆ ದಂಡೆಯ ನಮಗೆ ಸೊಸೈಟಿ ಎಂದರೆ ಗೊಬ್ಬರ, ಬೀಜ, ಸಾಲ, ಸಾಲದ ನೋಟೀಸು. ಅದೇ ಸೊಸೈಟಿಯ ಸೆಕ್ರೆಟರಿ ಇದ್ದಕ್ಕಿದ್ದಂತೆ ನಮ್ಮ ಕರುಳು, ಮೂತ್ರಪಿಂಡ, ಗರ್ಭಕೋಶಗಳ ವಿಚಾರ ಮಾಡತೊಡಗಿದ್ದು ಊರಿಗೆ ಹೊಸದು.

ಯಶಸ್ವಿನಿಗೆ ಒಂದು ಸೂಕ್ಷ್ಮವಿತ್ತು. ಅದು ಮುಖ್ಯವಾಗಿ ಆಪರೇಷನ್ನಿಗೆ. ಜ್ವರ, ಕೆಮ್ಮು, ಸುಸ್ತು ಅಂದರೆ ಇಲ್ಲ; ಕೊಯ್ಯುವುದಿದ್ದರೆ ಇದೆ. ಇದರಿಂದ ನಮ್ಮ ಹಳ್ಳಿಗಳ ಕಾಯಿಲೆಗಳ ಅಂತಸ್ತೇ ಬದಲಾಯಿತು. ಹರ್ನಿಯಾ ಇದ್ದವನಿಗೆ ಮರ್ಯಾದೆ ಹೆಚ್ಚಿತು. ಟೈಫಾಯ್ಡ್ ಬಂದವನು ಬಡವನಾದ. ನನಗೆ ಪರಿಚಯದ ಹಿರಿಯರೊಬ್ಬರು ಹತ್ತು ವರ್ಷದಿಂದ ಹೊಟ್ಟೆ ನೋವು ಸಾಕಿಕೊಂಡಿದ್ದವರು, ಡಾಕ್ಟರು ‘ಆಪರೇಷನ್ ಬೇಡ, ಗುಳಿಗೆಯಲ್ಲಿ ವಾಸಿಯಾಗುತ್ತದೆ’ ಎಂದಾಗ ಖುಷಿಪಡುವ ಬದಲು ಮುಖ ಸಣ್ಣ ಮಾಡಿಕೊಂಡು, “ಅರವತ್ತು ರೂಪಾಯಿ ದಂಡ ಆತು ನೋಡ್ರಿ” ಎಂದರು.

ವಿಮೆಯ ತತ್ವವೇ ಅದಲ್ಲವೇ, ಕಟ್ಟಿದ್ದು ದಂಡವಾಗಲಿ ಎಂದು ಹಾರೈಸುವುದು. ಆದರೆ ಪ್ರತಿ ಪೈಸೆ ದುಡಿದು ತಂದವನಿಗೆ ಆ ಹಾರೈಕೆ ಬಾಯಿಗೆ ಬರುವುದಿಲ್ಲ. ಅದಕ್ಕೆ ನಾನು ಅವರನ್ನು ನೋಡಿ ನಗಲಾರೆ.

ಯಶಸ್ವಿನಿಯನ್ನು 2018ರಲ್ಲಿ ಬೇರೆ ಯೋಜನೆಯೊಳಗೆ ಕರಗಿಸಿ, ಜನ ಕೇಳಿ ಕೇಳಿ ಮತ್ತೆ 2023ರ ಜನವರಿಯಿಂದ ಎಬ್ಬಿಸಿ ನಿಲ್ಲಿಸಿದರು. ಈಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ಐನೂರು ರೂಪಾಯಿ, ಐದು ಲಕ್ಷದ ತನಕ ಚಿಕಿತ್ಸೆ. ನೋಂದಣಿ ಮಾತ್ರ ವರ್ಷದಲ್ಲಿ ಕೆಲವೇ ತಿಂಗಳು. ಅದರ ಪ್ರಕಟಣೆ ಸೊಸೈಟಿಯ ಗೋಡೆಗೆ ಅಂಟಿರುತ್ತದೆ. ಸಾಲ ತೀರಿಸದವರು ಆ ಗೋಡೆಯ ಕಡೆ ನೋಡದೆ ಹಾದುಹೋಗುವುದರಿಂದ ಎಷ್ಟೋ ಮಂದಿಗೆ ತಿಳಿಯುವುದೇ ಇಲ್ಲ.

ಇನ್ನು ನಮ್ಮ ಅಕ್ಕನ ಕಥೆ. ಅದು ಅಕ್ಕನ ಕಥೆಯಷ್ಟೇ ಅಲ್ಲ, ಒಂದು ಗೆರೆಯ ಕಥೆ.

ನಮ್ಮ ಮನೆತನಕ್ಕೆ ಐದೂ ತಾಲ್ಲೂಕಿನಲ್ಲಿ ಬೀಗತನವಿದೆ. ಅಣ್ಣ ಕೊಟ್ಟೂರಿನ ಪಕ್ಕದ ಹಳ್ಳಿಯಲ್ಲಿ, ಅಕ್ಕನನ್ನು ಕೊಟ್ಟದ್ದು ಹರಪನಹಳ್ಳಿ ಕಡೆಗೆ. ಎರಡೂ ಊರಿನ ನಡುವೆ ಬುತ್ತಿ ಆರುವಷ್ಟು ದೂರವಿಲ್ಲ. ಆದರೆ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಎತ್ತಿ ಅದಕ್ಕೆ ಸೇರಿಸಿದರು. ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇದ್ದ ಕೊಟ್ಟೂರು ಬಳ್ಳಾರಿಯಲ್ಲೇ ಉಳಿಯಿತು. ಹರಪನಹಳ್ಳಿಯವರಿಗೆ ಒಳ್ಳೆಯದೇ ಆಯಿತೆಂದು ಎಲ್ಲರೂ ಅಂದರು: ಆಸ್ಪತ್ರೆ ಇರುವ ಊರೇ ಜಿಲ್ಲಾ ಕೇಂದ್ರವಾಯಿತಲ್ಲ!

2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿಪಿಎಲ್ ಕಾರ್ಡಿನ ಐವರ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸಾಲದಿದ್ದರೆ ಇನ್ನೂ ಐವತ್ತು ಸಾವಿರ. ಹೃದಯ, ಕ್ಯಾನ್ಸರು, ಕಿಡ್ನಿ, ನರದಂಥ ದೊಡ್ಡ ಕಾಯಿಲೆಗಳಿಗೆ. ಕಂತು ಕಟ್ಟುವಂತಿಲ್ಲ, ಅರ್ಜಿ ಇಲ್ಲ. ಮೊದಲು ಜಾರಿಯಾದದ್ದು ಕಲಬುರಗಿ ವಿಭಾಗದಲ್ಲಿ. ಬಳ್ಳಾರಿ ಆ ವಿಭಾಗಕ್ಕೆ ಸೇರಿದ್ದು. ದಾವಣಗೆರೆ ಬೆಂಗಳೂರು ವಿಭಾಗಕ್ಕೆ. ಬೆಳಗಾವಿ ವಿಭಾಗಕ್ಕೂ ಅದೇ ವರ್ಷ ಯೋಜನೆ ಹೋಯಿತು. ಬೆಂಗಳೂರು, ಮೈಸೂರು ವಿಭಾಗಗಳನ್ನು ಮುಟ್ಟುವಾಗ 2012. ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಬಡವನಿಗೆ ಎದೆಯ ಆಪರೇಷನ್ ಉಚಿತ, ಬದು ದಾಟಿದರೆ ಹರಪನಹಳ್ಳಿಯ ಬಡವನಿಗೆ ಇಲ್ಲ. ಹೃದಯದ ದೊಡ್ಡ ದೊಡ್ಡ ಆಸ್ಪತ್ರೆಗಳಿದ್ದದ್ದು ಬೆಂಗಳೂರಿನಲ್ಲಿ, ಅಲ್ಲಿ ಉಚಿತ ಚಿಕಿತ್ಸೆಯ ಹಕ್ಕಿದ್ದದ್ದು ಕಲಬುರಗಿ ಕಡೆಯವರಿಗೆ.

ಅಣ್ಣನಿಗೆ ಆಗಲೇ ಎದೆಯ ತೊಂದರೆ ಕಾಣಿಸಿತು. ಯೋಜನೆಯ ಶಿಬಿರದಲ್ಲಿ ಪರೀಕ್ಷೆ ಮಾಡಿ, ಬೆಂಗಳೂರಿಗೆ ಕಳಿಸಿ, ಆಪರೇಷನ್ ಮಾಡಿಸಿ ವಾಪಸು ಕಳಿಸಿದರು. ಅವನು ಖರ್ಚು ಮಾಡಿದ್ದು ಎಳನೀರಿಗೆ. ಮರುವರ್ಷ ಭಾವನಿಗೆ ಅದೇ ತೊಂದರೆ. ಎತ್ತು ಮಾರಿದರು, ಒಂದಿಷ್ಟು ಸಾಲವೂ ಆಯಿತು. ಅಕ್ಕ ಅಳುವ ಪೈಕಿ ಅಲ್ಲ. ನನ್ನನ್ನು ಕೂರಿಸಿಕೊಂಡು ಕೇಳಿದಳು: “ಅಲ್ಲೋ, ಆ ಗಡಿ ನಮ್ಮ ಹೊಲದ ಬದುವಿನ ಆಚಿಗೈತೋ ಈಚಿಗೈತೋ? ಆಚಿಗಿದ್ರ ನಿಮ್ಮ ಭಾವನ್ನ ಅಲ್ಲೇ ಮಲಗಿಸ್ತಿದ್ದೆ.” ಸ್ವಲ್ಪ ಹೊತ್ತು ಬಿಟ್ಟು, “ನನ್ನ ಹೆಸರು ತವರುಮನಿ ಕಾರ್ಡಿನ್ಯಾಗಿಂದ ತೆಗೀಬ್ಯಾಡ್ರಿ ಅಂದಿದ್ದೆ, ಕೇಳಿದ್ರೇನು?” ಎಂದಳು.

ಅಕ್ಕ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಸಂಶೋಧಕರೂ ಕೇಳಿದ್ದರು ಎಂದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ನೀರಜ್ ಸೂದ್ ಮತ್ತವರ ಸಂಗಡಿಗರು ಕರ್ನಾಟಕದಲ್ಲಿ ಆ ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ ನೋಡಿದರು: ಯೋಜನೆ ಇದ್ದ 300, ಇಲ್ಲದ 272. ಜನ, ಬಡತನ, ಬೆಳೆ ಎಲ್ಲ ಹೆಚ್ಚುಕಡಿಮೆ ಒಂದೇ, ಬೇರೆಯಾಗಿದ್ದದ್ದು ಗೆರೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಯೋಜನೆಯಿಂದ ವಾಸಿಯಾಗಬಹುದಾದ ಕಾಯಿಲೆಗಳಿಂದ ಬಿಪಿಎಲ್ ಮನೆಗಳಲ್ಲಿ ಆದ ಸಾವು, ಯೋಜನೆ ಇದ್ದ ಬದಿಯಲ್ಲಿ ಶೇ. 64ರಷ್ಟು ಕಡಿಮೆ. ಆಸ್ಪತ್ರೆಗೆ ಕೈಯಿಂದ ಸುರಿದ ದುಡ್ಡೂ ಕಡಿಮೆ. ಜಗತ್ತಿನ ಆರೋಗ್ಯ ಅರ್ಥಶಾಸ್ತ್ರಜ್ಞರಿಗೆ ಇದು ಒಳ್ಳೆಯ ಸಾಕ್ಷ್ಯ. ಇಂಥ ಸಾಕ್ಷ್ಯ ಹುಟ್ಟಬೇಕಾದರೆ ಒಂದು ಬದಿಯವರು ಎರಡು ವರ್ಷ ಇಲ್ಲದೆ ಇರಬೇಕು. ಆ ಬದಿಯಲ್ಲಿ ನಮ್ಮ ಅಕ್ಕ ಇದ್ದಳು.

ಮುಂದೆ ಬಳ್ಳಾರಿ ಕಡೆಯವರಿಗಿದ್ದ 371(ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹರಪನಹಳ್ಳಿಯವರು ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು. ಮೂರು ವರ್ಷಕ್ಕೆ ವಿಜಯನಗರ ಜಿಲ್ಲೆಯಾಯಿತು, ಅದಕ್ಕೆ ಸೇರಿದರು. ಅಕ್ಕ ಮನೆ ಬಾಗಿಲು ದಾಟದೆ ಮೂರು ಜಿಲ್ಲೆ ಕಂಡಳು. ಗುಳಿಗೆ ತರಲು ಮಾತ್ರ ಈಗಲೂ ದಾವಣಗೆರೆಗೇ ಹೋಗುತ್ತಾಳೆ.

ಅವಳ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರಿದೆ. ಅದನ್ನು ಬಿಚ್ಚಿದರೆ ನಮ್ಮ ನಾಡಿನ ಆರೋಗ್ಯ ವಿಮೆಯ ಇತಿಹಾಸವೇ ಹೊರಗೆ ಬೀಳುತ್ತದೆ. ಕುಟುಂಬದ ಫೋಟೋ ಅಂಟಿಸಿದ ಹಳೆಯ ಯಶಸ್ವಿನಿ ಕಾರ್ಡು. ಮೂವತ್ತು ರೂಪಾಯಿ ಕೊಟ್ಟು ಮಾಡಿಸಿದ, ಮೂವತ್ತು ಸಾವಿರದವರೆಗೆ ಚಿಕಿತ್ಸೆ ಕೊಡುತ್ತಿದ್ದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾದ ಸ್ಮಾರ್ಟ್ ಕಾರ್ಡು. ಧರ್ಮಸ್ಥಳ ಸಂಘದ ಸಂಪೂರ್ಣ ಸುರಕ್ಷಾದ ಚೀಟಿ. 2018ರ ಆರೋಗ್ಯ ಕರ್ನಾಟಕದ ಕಾರ್ಡು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಜೊತೆ ಅದು ಕೂಡಿಕೊಂಡ ಮೇಲೆ ಬಂದ ಇನ್ನೊಂದು ಕಾರ್ಡು. ಮೇಲೆ ‘ಆಭಾ’ ಎಂಬ ಹದಿನಾಲ್ಕು ಅಂಕಿಯದ್ದೊಂದು. ಆಭಾ ವಿಮೆಯಲ್ಲ, ಆರೋಗ್ಯದ ದಾಖಲೆಗಳಿಗೆ ಕೊಡುವ ಬರೀ ಒಂದು ನಂಬರು ಎಂದು ನಾನು ಹೇಳಿದೆ. “ಇರ್ಲಿ ಬಿಡು, ಯಾವುದು ಯಾವಾಗ ಜೀವ ಹಿಡಿತೈತೋ” ಎಂದು ಮತ್ತೆ ಕವರಿಗೆ ಸೇರಿಸಿದಳು.

ನಿಜವಾಗಿ ಕೆಲಸ ಮಾಡುವುದು ಇಷ್ಟು ಕಾರ್ಡುಗಳ ಪೈಕಿ ಯಾವುದೂ ಅಲ್ಲ, ಅಡಿಗೆಮನೆಯ ಡಬ್ಬಿಯಲ್ಲಿರುವ ರೇಷನ್ ಕಾರ್ಡು. ಈಗಿನ ಆಯುಷ್ಮಾನ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಯೋಜನೆಯ ದರದ ಶೇ. 30ನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ನಡುವೆ ವಿಮಾ ಕಂಪನಿಯೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರದ ಸಂಸ್ಥೆ ಆಸ್ಪತ್ರೆಗೆ ನೇರ ದುಡ್ಡು ಕೊಡುತ್ತದೆ. ಆದ್ದರಿಂದ ನಮ್ಮ ಐದು ತಾಲ್ಲೂಕಿನ ಆರೋಗ್ಯ ವಿಮೆಯ ಮಾರುಕಟ್ಟೆ ನೋಡಬೇಕೆಂದರೆ ಏಜೆಂಟನ ಅಂಗಡಿಗೆ ಹೋಗಬಾರದು, ಆಹಾರ ಇಲಾಖೆಯ ಬಾಗಿಲಿಗೆ ಹೋಗಬೇಕು. ಅಕ್ಕಿ ಮಾರಿಬಿಡುವವರೂ ಕಾರ್ಡು ಬಿಡುವುದಿಲ್ಲ. ಸರ್ಕಾರ ಅದನ್ನು ಅಕ್ಕಿಯ ಆಸೆ ಎಂದುಕೊಂಡಿದೆ. ಅದು ಆಸ್ಪತ್ರೆಯ ಭಯ.

2024ರ ನವೆಂಬರಿನಲ್ಲಿ ರಾಜ್ಯದಲ್ಲೆಲ್ಲ ಬಿಪಿಎಲ್ ಕಾರ್ಡುಗಳು ರಾತ್ರೋರಾತ್ರಿ ಎಪಿಎಲ್ ಆಗಿ ಗಲಾಟೆಯಾಯಿತಲ್ಲ, ಆಗ ನನ್ನ ಅಣ್ಣನ ಮಗನದೂ ಹೋಯಿತು. ಟ್ರ್ಯಾಕ್ಟರ್ ಸಾಲ ಬೇಗ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ಅವನು ಆದಾಯ ತೆರಿಗೆ ರಿಟರ್ನ್ ಹಾಕಿಸಿದ್ದ. ಕಟ್ಟಿದ ತೆರಿಗೆ ಸೊನ್ನೆ. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸು ಕೊಡುತ್ತೇವೆ ಎಂದು ಸರ್ಕಾರ ಹೇಳಿ, ಅವನಿಗೂ ಬಂತು. ಬರುವ ತನಕ ಆ ಮನೆಯವರು ಕೆಮ್ಮುವುದಕ್ಕೂ ಹೆದರಿದ್ದರು.

ಕಾರ್ಡು ಕೈಯಲ್ಲಿದ್ದರೂ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳುವುದು ಏನು ಜಡ್ಡು ಎಂದಲ್ಲ, “ಸ್ಕೀಮಾ, ಕ್ಯಾಷಾ?” ಎಂದು. ಸ್ಕೀಮು ಅಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಮಾತ್ರ ಅದು ಬೇಡ. ತುರ್ತೋ ಅಲ್ಲವೋ ಎಂಬ ಚರ್ಚೆ ಎದೆ ಹಿಡಿದುಕೊಂಡವನ ಮುಂದೆಯೇ ನಡೆಯುತ್ತದೆ. ನಮ್ಮ ಸೋದರಮಾವ ಒಂದು ಖಾಸಗಿ ಆಸ್ಪತ್ರೆಯಲ್ಲಿ ‘ಸ್ಕೀಮಿನ ಬೆಡ್ಡು ಖಾಲಿ ಇಲ್ಲ’ ಎಂದು ಕೇಳಿಸಿಕೊಂಡು ಬಂದು, “ಬೆಡ್ಡಿಗೂ ಎಪಿಎಲ್, ಬಿಪಿಎಲ್ ಐತೇನಲೇ?” ಎಂದರು. ಯೋಜನೆಯ ದರ ಸಾಲದು, ಹಣ ತಡವಾಗಿ ಬರುತ್ತದೆ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಅದರಲ್ಲೂ ಸತ್ಯ ಇರಬಹುದು. ಮಲಗಿದವನಿಗೆ ಆ ಸತ್ಯ ಬೇಕಿಲ್ಲ.

ಹಾಗಾದರೆ ಏಜೆಂಟನ ಪಾಲಿಸಿ ಕೊಳ್ಳುವವರು ಯಾರು? ಅಂಗಡಿಯವರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಕಾಲೇಜು ಲೆಕ್ಚರರುಗಳು, ಹಡಗಲಿಯ ಮಲ್ಲಿಗೆ ಸಗಟು ಕೊಳ್ಳುವವರು. ಬಿಪಿಎಲ್‌ಗೆ ಎತ್ತರ, ಬೆಂಗಳೂರಿನ ಆಸ್ಪತ್ರೆಯ ಬಿಲ್ಲಿಗೆ ಕುಳ್ಳ ಆದವರು. ಇವರ ಅರ್ಜಿ ತುಂಬಿಸುವುದೇ ಒಂದು ನಾಟಕ. ‘ನಿಮಗೆ ಬಿಪಿ, ಶುಗರ್ ಇದೆಯೇ?’ ಎಂಬ ಕಾಲಂ ಬಂದಾಗ ಮನೆಯಲ್ಲಿ ಮೌನ. ಏಜೆಂಟನೇ ಮೆಲ್ಲಗೆ, “ಇಲ್ಲ ಅಂತ ಹಾಕ್ಲೇನ್ರಿ?” ಎನ್ನುತ್ತಾನೆ. ಇದೆ ಎಂದು ಬರೆದರೆ ಪಾಲಿಸಿ ಬರುವುದಿಲ್ಲ, ಇಲ್ಲ ಎಂದು ಬರೆದರೆ ದುಡ್ಡು ಬರುವುದಿಲ್ಲ ಎಂಬುದು ಅವನ ಧರ್ಮಸಂಕಟ. ಮೊದಲನೆಯದನ್ನು ಆಯ್ದರೆ ಅವನ ಕಮಿಷನ್ನು ಇವತ್ತೇ ಹೋಗುತ್ತದೆ, ಎರಡನೆಯದಕ್ಕೆ ಇನ್ನೂ ಕಾಲವಿದೆ.

ನಮ್ಮವರ ಪ್ರಾಮಾಣಿಕತೆ ತಪ್ಪು ಜಾಗದಲ್ಲಿ ಎಚ್ಚರವಾಗುತ್ತದೆ. ಏಜೆಂಟನ ಮುಂದೆ ‘ಏನೂ ಇಲ್ರಿ, ಕಲ್ಲಿನಂಗದೀನಿ’ ಎಂದ ಮನುಷ್ಯ ಆಸ್ಪತ್ರೆಯಲ್ಲಿ ಡಾಕ್ಟರು ‘ಶುಗರ್ ಯಾವಾಗಿನಿಂದ?’ ಎಂದು ಕೇಳಿದರೆ, “ಹದಿನೈದು ವರ್ಷದ ಮ್ಯಾಲಾತ್ರಿ, ನಮ್ಮಪ್ಪಗೂ ಇತ್ತು” ಎಂದು ವಂಶಾವಳಿ ಬಿಚ್ಚುತ್ತಾನೆ. ಡಾಕ್ಟರು ಅದನ್ನು ಅಚ್ಚುಕಟ್ಟಾಗಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಅದೇ ಸಾಲು ಕಂಪನಿಗೆ ಹೋಗುತ್ತದೆ. ಕ್ಲೇಮು ಅಲ್ಲಿಗೆ ಸಮಾಪ್ತಿ.

ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೆ ಅದೊಂದು ಬೇರೆ ಜಾತಿ. ಅಪ್ಪ ಅಮ್ಮನಿಗೆ ಅವನ ಕಂಪನಿಯ ವಿಮೆ. ಇಂಥ ತಂದೆಯೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಮಗ ಕೆಲಸ ಬದಲಿಸುತ್ತೇನೆ ಎಂದಾಗಲೆಲ್ಲ ಅವರಿಗೆ ಬಿಪಿ ಏರುತ್ತದೆ, ಆ ಮಧ್ಯಂತರದಲ್ಲಿ ಏರಿದ ಬಿಪಿಗೆ ವಿಮೆ ಇರುವುದಿಲ್ಲ. ಇವರಿಗೆಲ್ಲ ಸಂಪೂರ್ಣ ವಿರುದ್ಧ ತುದಿಯಲ್ಲಿ ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರು. ಆಯುಷ್ಮಾನ್ ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ ಎಂಬುದು ನಿಯಮ. ಕಾರ್ಡು ಊರಿನ ಮನೆಯಲ್ಲಿ ಮುದುಕಿಯ ಹತ್ತಿರ, ಜ್ವರ ಚಿಕ್ಕಮಗಳೂರಿನಲ್ಲಿ ಎಂಬುದು ವಾಸ್ತವ.

ಪಾಲಿಸಿಯ ಪುಸ್ತಕವನ್ನು ನಾನು ಒಮ್ಮೆ ಕೂತು ಓದಿದ್ದೇನೆ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕ ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ಒಂದು ವಾಕ್ಯಕ್ಕೆ ರೈತ ಮಳೆಯ ಅರ್ಥ, ರಾಜಕಾರಣಿ ಕುರ್ಚಿಯ ಅರ್ಥ, ವ್ಯಾಪಾರಿ ರೇಟಿನ ಅರ್ಥ ಕಟ್ಟುತ್ತಾನೆ. ಪಾಲಿಸಿಯೂ ಕಾರಣಿಕವೇ, ಆದರೆ ನಲವತ್ತು ಪುಟದ್ದು, ಅರ್ಥ ಹೇಳುವ ಅಧಿಕಾರ ಒಬ್ಬರಿಗೇ. ಮೈಲಾರದಲ್ಲಿ ಧುಮುಕಿದವನನ್ನು ಕೆಳಗೆ ನಿಂತವರು ಹಿಡಿಯುತ್ತಾರೆ ಎಂಬ ಖಾತ್ರಿಯಾದರೂ ಇದೆ.

ನಿಯಮಗಳು ಸುಧಾರಿಸಿಲ್ಲ ಎಂದರೆ ತಪ್ಪಾಗುತ್ತದೆ. 2024ರ ಏಪ್ರಿಲಿನಿಂದ ಅರವತ್ತೈದು ದಾಟಿದವರಿಗೂ ಪಾಲಿಸಿಯ ಬಾಗಿಲು ತೆರೆದಿದೆ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು, ಮುಂಚೆ ನಾಲ್ಕಿತ್ತು. ಸತತ ಐದು ವರ್ಷ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ‘ನೀವು ಅದನ್ನು ಮುಚ್ಚಿಟ್ಟಿರಿ’ ಎಂದು ಕಂಪನಿ ಕ್ಲೇಮು ತಳ್ಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ಹೋಗಿದೆ. ಇವೆಲ್ಲ ಒಳ್ಳೆಯವೇ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳು ಹೆರಿಗೆ, ಜ್ವರ, ಹಾವು ಕಡಿತ ನೋಡಿ, ಎದೆ, ಮಿದುಳು ಎಂದಕೂಡಲೇ ಚೀಟಿ ಬರೆದು ಕಳಿಸುವ ತನಕ, ಐದು ಲಕ್ಷದ ಕವರೇಜು ಇಲ್ಲಿನವನಿಗೆ ದಾವಣಗೆರೆ ತಲುಪಿದ ಮೇಲಿನ ಮಾತು. ಜೀವಂತ ತಲುಪುವ ಖಾತ್ರಿಯನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಕಟ್ಟೆಯ ಹಿರಿಯರು ಕೇಳುವ ಪ್ರಶ್ನೆ ನಲವತ್ತು ಪುಟಕ್ಕಿಂತ ಮುಖ್ಯವಾದದ್ದು ಎಂದು ನಾನು ಹೇಳುವುದು ಅದಕ್ಕೇ. ಅದನ್ನು ಏಜೆಂಟನಿಗಷ್ಟೇ ಕೇಳದೆ, ಓಟು ಕೇಳಲು ಬರುವವರಿಗೂ ಸ್ವಲ್ಪ ತಿದ್ದಿ ಕೇಳಬೇಕು: ಹೂವಿನಹಡಗಲಿಯಲ್ಲಿ ಯಾವಾಗ ನಡೆಯುತ್ತದೆ, ಕೂಡ್ಲಿಗಿಯಲ್ಲಿ ಯಾವಾಗ?

ಅಲ್ಲಿಯ ತನಕ, ಪಾಲಿಸಿ ಮಾಡಿಸುವವರು ಶುಗರ್ ಇದ್ದರೆ ಇದೆ ಎಂದೇ ಬರೆಸಿ, ಬರೆದ ಅರ್ಜಿಯ ಪ್ರತಿಯೊಂದನ್ನು ಕೈಯಲ್ಲಿಟ್ಟುಕೊಳ್ಳಿ. ಕಂಪನಿ ಅನ್ಯಾಯವಾಗಿ ಕ್ಲೇಮು ತಳ್ಳಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿಗೆ ಶುಲ್ಕ ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ.